ಬಾಯಿಮಾತಿನ ‘ಆಗಲ್ಲ’ಕ್ಕೆ ಮೇಲ್ಮನವಿ ಇಲ್ಲ

ರಾತ್ರಿ ಒಂಬತ್ತಾಯಿತೆಂದರೆ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಚೆಕ್‌ಪೋಸ್ಟಿನಲ್ಲಿ ಗೇಟು ಬೀಳುತ್ತದೆ. ಸುಲ್ತಾನ್ ಬತ್ತೇರಿ ಕಡೆಗೆ ಹೊರಟ ಲಾರಿಗಳು ರಸ್ತೆಬದಿಯಲ್ಲಿ ಸಾಲುಗಟ್ಟುತ್ತವೆ. ತೆರಕಣಾಂಬಿಯಲ್ಲಿ ತುಂಬಿಸಿದ ತರಕಾರಿ ಮೂಟೆಗಳ ಮೇಲೆ ಟಾರ್ಪಾಲು ಎಳೆದು ಚಾಲಕರು ಕ್ಯಾಬಿನ್ನಿನಲ್ಲೇ ಕಾಲು ಚಾಚುತ್ತಾರೆ. ಊಟಿ ರಸ್ತೆಯ ಮೇಲುಕಾಮನಹಳ್ಳಿಯಲ್ಲೂ ಅಷ್ಟೆ. ಮತ್ತೆ ದಾರಿ ಬಿಡುವುದು ಬೆಳಿಗ್ಗೆ ಆರಕ್ಕೆ.

ಈ ಗೇಟು ಹಾಕಿಸಿದ್ದು ಯಾರು ಎಂದು ಟೀ ಅಂಗಡಿಯಲ್ಲಿ ಕೇಳಿ ನೋಡಿ. ‘ಫಾರೆಸ್ಟ್‌ನೋರು’ ಎನ್ನುವವರಿದ್ದಾರೆ. ‘ಸುಪ್ರೀಂ ಕೋರ್ಟು ಕಣಣ್ಣ’ ಎನ್ನುವವರೂ ಇದ್ದಾರೆ. ಮೊದಲು ಹಾಕಿಸಿದ್ದು ಇಬ್ಬರೂ ಅಲ್ಲ. 2009ರ ಜೂನ್ 3ರಂದು ಚಾಮರಾಜನಗರದ ಜಿಲ್ಲಾಧಿಕಾರಿ ಒಂದು ಆದೇಶ ಹೊರಡಿಸಿದರು. ಬಂಡೀಪುರದ ಕಾಡಿನೊಳಗೆ ಹಾದುಹೋಗುವ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ಬಂದ್. ಕಾರಣ, ರಾತ್ರಿ ಹೊತ್ತು ವೇಗವಾಗಿ ಬರುವ ಗಾಡಿಗಳಿಗೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳು.

ಜಿಲ್ಲಾಧಿಕಾರಿ ಬಳಸಿದ್ದು ವನ್ಯಜೀವಿ ಕಾಯ್ದೆಯನ್ನಲ್ಲ, ಮೋಟಾರು ವಾಹನ ಕಾಯ್ದೆಯನ್ನು. ಅದರ 115ನೇ ಕಲಂ ರಸ್ತೆಯಲ್ಲಿ ವಾಹನ ನಿರ್ಬಂಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟವರಿಗೂ ನೀಡುತ್ತದೆ. ಸಂಸತ್ತೋ ವಿಧಾನಮಂಡಲವೋ ಮಾಡುವುದು ಕಾಯ್ದೆ. ಅದನ್ನು ಜಾರಿಗೆ ತರಲು ಸರ್ಕಾರ ಬರೆದುಕೊಳ್ಳುವುದು ನಿಯಮ. ಅವೆರಡೂ ಕೊಟ್ಟ ಅಧಿಕಾರದಲ್ಲಿ ಅಧಿಕಾರಿಯೊಬ್ಬರು ಸಹಿ ಹಾಕಿ ಹೊರಡಿಸುವುದು ಆದೇಶ. ನಿಯಮ ಕಾಯ್ದೆಯನ್ನು ಮೀರುವಂತಿಲ್ಲ, ಆದೇಶ ನಿಯಮವನ್ನು ಮೀರುವಂತಿಲ್ಲ, ಮೂರೂ ಸಂವಿಧಾನವನ್ನು ಮೀರುವಂತಿಲ್ಲ. ಯಾವುದೇ ಸರ್ಕಾರಿ ಆದೇಶ ಕೈಗೆ ಬಂದರೆ ಮೊದಲು ‘ಪ್ರದತ್ತವಾದ ಅಧಿಕಾರ ಚಲಾಯಿಸಿ’ ಎಂಬ ಸಾಲು ಹುಡುಕಿ. ಆ ಅಧಿಕಾರ ಎಲ್ಲಿಂದ ಬಂತು ಎಂಬುದು ಅದರ ಅಕ್ಕಪಕ್ಕದಲ್ಲೇ ಬರೆದಿರುತ್ತದೆ.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. ಕೇರಳದ ಕಡೆಯಿಂದ ಒತ್ತಡ ಬಂತು, ಒಂದೇ ವಾರದಲ್ಲಿ, ಜೂನ್ 10ರಂದು, ಆದೇಶ ವಾಪಸಾಯಿತು. ವಕೀಲರೊಬ್ಬರು ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ನಮ್ಮಲ್ಲಿ ‘ಪಿಐಎಲ್’ ಎಂದೇ ಹೆಸರಾದ ಅರ್ಜಿ ಇದು. ಮಾಮೂಲಿ ದಾವೆಯನ್ನು ನಷ್ಟವಾದವರೇ ಹೂಡಬೇಕು. ಆದರೆ ಆನೆ ವಕಾಲತ್ತಿಗೆ ಸಹಿ ಹಾಕಲಾರದು. ಹೀಗೆ ತಮ್ಮ ಪರವಾಗಿ ತಾವೇ ಬರಲಾಗದವರಿಗಾಗಿ, ಸ್ವಂತ ಲಾಭವಿಲ್ಲದ ಯಾರು ಬೇಕಾದರೂ ಕೋರ್ಟಿನ ಬಾಗಿಲು ತಟ್ಟಬಹುದು ಎಂಬುದು ಪಿಐಎಲ್‌ನ ಹೂರಣ. ಸರ್ಕಾರದ ನಡೆಯನ್ನು ಪ್ರಶ್ನಿಸಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹಾಕುವ ಅರ್ಜಿ ರಿಟ್ ಅರ್ಜಿ. ಪಿಐಎಲ್ ಕೂಡ ಅದರದೇ ಒಂದು ಬಗೆ.

2009ರ ಜುಲೈ 27ರಂದು ಹೈಕೋರ್ಟು ರಾತ್ರಿ ನಿರ್ಬಂಧವನ್ನು ಮತ್ತೆ ಜಾರಿಗೆ ತಂದಿತು. ಅದು ಮಧ್ಯಂತರ ಆದೇಶ, ಅಂದರೆ ತೀರ್ಪು ಬರುವವರೆಗಿನ ಏರ್ಪಾಡು. 2010ರ ಮಾರ್ಚ್ 9ರಂದು ಬಂದದ್ದು ಅಂತಿಮ ತೀರ್ಪು. ಅದೂ ನಿರ್ಬಂಧವನ್ನೇ ಎತ್ತಿಹಿಡಿಯಿತು. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೂ ಬೆರಳೆಣಿಕೆಯ ಬಸ್ಸುಗಳಿಗೂ ವಿನಾಯಿತಿ ಸಿಕ್ಕಿತು. ಕೇರಳ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು. 2019ರಲ್ಲಿ ಹಗಲಿಗೂ ರಸ್ತೆ ಮುಚ್ಚುವ ಮಾತು ಅಲ್ಲಿ ಎದ್ದಾಗ ವಯನಾಡಿನಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ಗುಂಡ್ಲುಪೇಟೆಯ ಚೆಂಡು ಹೂವು, ತರಕಾರಿ ಹೋಗುವುದು ಅದೇ ದಾರಿಯಲ್ಲಿ. ಇಲ್ಲಿನ ರೈತರಿಗೂ ಅದು ಕಾಡಿನ ವಿಷಯವಷ್ಟೇ ಆಗಿರಲಿಲ್ಲ.

ದೇಶದ ಯಾವ ಭಾಗಕ್ಕಾದರೂ ಓಡಾಡುವುದು ನನ್ನ ಮೂಲಭೂತ ಹಕ್ಕಲ್ಲವೇ ಎಂದು ಲಾರಿ ಚಾಲಕ ಕೇಳಬಹುದು. ಹೌದು, ಸಂವಿಧಾನದ 19ನೇ ವಿಧಿ ಅದನ್ನು ಕೊಟ್ಟಿದೆ. ಸಾರ್ವಜನಿಕರ ಹಿತಕ್ಕಾಗಿ ಸಮಂಜಸ ನಿರ್ಬಂಧ ಹಾಕಬಹುದು ಎಂದೂ ಅದೇ ವಿಧಿ ಹೇಳುತ್ತದೆ. ಕಾಡು, ವನ್ಯಜೀವಿಗಳನ್ನು ಕಾಪಾಡಬೇಕು ಎಂದು ರಾಜ್ಯಕ್ಕೆ ಹೇಳುವ 48ಎ ರಾಜ್ಯನೀತಿಯ ನಿರ್ದೇಶಕ ತತ್ವ. ಅದನ್ನೇ ನಮಗೆ ನಿಮಗೆ ಹೇಳುವ 51ಎ ಮೂಲಭೂತ ಕರ್ತವ್ಯ. ಎರಡೂ ಸಂವಿಧಾನಕ್ಕೆ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ನೇರ ಕೋರ್ಟಿಗೆ ಹೋಗಬಹುದು. ನಿರ್ದೇಶಕ ತತ್ವ ಪಾಲಿಸಲಿಲ್ಲ ಎಂದಷ್ಟೇ ಹೇಳಿ ಹೋಗಲಾಗದು. ಆದರೆ ಹಕ್ಕಿನ ಮೇಲೆ ಹಾಕಿದ ನಿರ್ಬಂಧ ಸಮಂಜಸವೋ ಅಲ್ಲವೋ ಎಂದು ತೂಗುವಾಗ ಕೋರ್ಟು ಆ ತತ್ವವನ್ನೂ ತಕ್ಕಡಿಗೆ ಹಾಕುತ್ತದೆ. ಹೈಸ್ಕೂಲಿನ ಪೌರನೀತಿ ಪಾಠದಲ್ಲಿ ಉರು ಹೊಡೆದು ಮರೆತ ಈ ಮೂರು ಹೆಸರುಗಳು ಮದ್ದೂರಿನ ಗೇಟಿನಲ್ಲಿ ಒಟ್ಟಿಗೇ ನಿಂತಿವೆ.

ಈ ಪ್ರಕರಣದಿಂದ ನನಗೆ ಮುಖ್ಯವೆನಿಸುವುದು ಬೇರೆಯೇ ಒಂದು ಸಂಗತಿ. ಜಿಲ್ಲಾಧಿಕಾರಿಯ ನಿರ್ಧಾರ ಕಾಗದದ ಮೇಲಿತ್ತು. ತಾರೀಕಿತ್ತು, ಕಲಂ ಇತ್ತು, ಸಹಿ ಇತ್ತು. ಹಿಂತೆಗೆದುಕೊಂಡದ್ದೂ ಕಾಗದದ ಮೇಲೇ. ಹಾಗಾಗಿಯೇ ಪರ ಇದ್ದವರೂ ವಿರುದ್ಧ ಇದ್ದವರೂ ಅದನ್ನು ಹಿಡಿದುಕೊಂಡು ಕೋರ್ಟಿನ ಮೆಟ್ಟಿಲು ಹತ್ತಲು ಸಾಧ್ಯವಾಯಿತು. ಸಾಮಾನ್ಯ ಜನ ಸೋಲುವುದು ಬಹಳ ಸಲ ಕಾನೂನು ತಮ್ಮ ವಿರುದ್ಧ ಇರುವುದರಿಂದಲ್ಲ. ಅವರಿಗೆ ಸಿಗುವುದು ಬರೀ ಬಾಯಿಮಾತಿನ ‘ಆಗಲ್ಲ’.

ಯಾವುದಾದರೂ ನಾಡಕಚೇರಿಯ ಕಿಟಕಿ ಮುಂದೆ ಅರ್ಧ ಗಂಟೆ ನಿಂತರೆ ಇದು ಕಿವಿಗೇ ಬೀಳುತ್ತದೆ.

‘ಬುದ್ಧೀ, ನಮ್ಮಪ್ಪುಂದು ಖಾತೆ ಏನಾಯ್ತು?’

‘ಆಗಲ್ಲ ಕಣಮ್ಮ, ನಿಮ್ಮಣ್ಣ ತಕರಾರು ಮಾಡವ್ನೆ. ಮುಂದಿನ ವಾರ ಬಾ.’

ಈ ‘ಆಗಲ್ಲ’ ಆದೇಶವಲ್ಲ. ಇದರ ಮೇಲೆ ಯಾವ ಮೇಲಧಿಕಾರಿಗೂ ಮೇಲ್ಮನವಿ ಹಾಕಲು ಬರುವುದಿಲ್ಲ, ಹಾಕಲು ಕಾಗದವೇ ಇಲ್ಲವಲ್ಲ! ಆ ಹೆಣ್ಣುಮಗಳು ಕೇಳಬೇಕಾದದ್ದು ಒಂದೇ: ‘ಹಿಂಬರಹ ಕೊಡಿ.’ ಅರ್ಜಿ ಏಕೆ ಆಗದು ಎಂದು ಕಾರಣ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಡುವ ಚೀಟಿ ಹಿಂಬರಹ. ಅದು ಬರಬೇಕೆಂದರೆ ಮೊದಲು ಅರ್ಜಿಯೂ ಬರವಣಿಗೆಯಲ್ಲಿ ಇರಬೇಕು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದಿರಬೇಕು. ‘ಸಕಾಲ’ದಡಿ ಬರುವ ಸೇವೆಯಾದರೆ ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. 2011ರ ಈ ಕಾಯ್ದೆಯ ಪ್ರಕಾರ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ, ಪರಿಹಾರ ವೆಚ್ಚ ಕೇಳಬಹುದು. ಮೊತ್ತ ಸಣ್ಣದು. ಅದಕ್ಕಾಗಿ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ತಡವಾದದ್ದು ದಾಖಲೆಯಲ್ಲಿ ಉಳಿಯುತ್ತದೆ, ಕಚೇರಿಗೆ ಮುಜುಗರ ಅದರಿಂದಲೇ.

ಅಣ್ಣನ ತಕರಾರಿನ ವಿಷಯಕ್ಕೆ ಬರೋಣ. ಜಿಲ್ಲೆಯ ಕೋರ್ಟುಗಳಲ್ಲಿ ಜಮೀನಿನ ವ್ಯಾಜ್ಯಗಳಿಗೇನೂ ಬರವಿಲ್ಲ. ಅವುಗಳ ಹಿಂದೆ ಸಾಮಾನ್ಯವಾಗಿ ಒಂದು ತಪ್ಪು ತಿಳಿವಳಿಕೆ ಇರುತ್ತದೆ. ಖಾತೆ ಯಾರ ಹೆಸರಿನಲ್ಲಿದೆಯೋ ಜಮೀನು ಅವರದು ಎಂಬುದು ಅದು. ಪಹಣಿಯನ್ನು ಒಮ್ಮೆ ಬಿಡಿಸಿ ನೋಡಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ಪಕ್ಕದ 10ರಲ್ಲಿ ಅದು ಹೇಗೆ ಬಂತು ಎಂಬುದು, 11ರಲ್ಲಿ ಹಕ್ಕು ಮತ್ತು ಋಣ. ಬ್ಯಾಂಕಿನ ಬೆಳೆ ಸಾಲ ಕೂರುವುದು ಆ 11ರಲ್ಲೇ. 12ರಲ್ಲಿ ಬೆಳೆಯ ವಿವರ, ಅರಿಸಿನವೋ ಜೋಳವೋ ಸೂರ್ಯಕಾಂತಿಯೋ. ಇದು ಕಂದಾಯ ಇಲಾಖೆ ತನ್ನ ಲೆಕ್ಕಕ್ಕೆ ಇಟ್ಟುಕೊಂಡ ದಾಖಲೆ. ಬೇರೆ ಸಾಕ್ಷ್ಯ ಬಂದು ಸುಳ್ಳೆಂದು ತೋರಿಸುವವರೆಗೆ ಇದನ್ನು ನಿಜವೆಂದು ಭಾವಿಸಬೇಕು ಎಂದು 1964ರ ಭೂಕಂದಾಯ ಕಾಯ್ದೆ ಹೇಳುತ್ತದೆ. ಅಷ್ಟೇ. ಮಾಲೀಕತ್ವ ಹುಟ್ಟುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಮರಣಶಾಸನ ಅಥವಾ ವಾರಸುದಾರಿಕೆಯಿಂದ. ಆ ಬದಲಾವಣೆಯನ್ನು ಪುಸ್ತಕಕ್ಕೆ ಏರಿಸುವುದು ಮ್ಯುಟೇಷನ್. ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಏರಿಸಿದರೆ ಅದೇ ಪೌತಿ ಖಾತೆ. ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಜನರಿದ್ದು, ಅಳತೆ ಮಾಡಿಸಿ ಬೇರೆ ಬೇರೆ ಮಾಡಿಕೊಂಡರೆ ಪೋಡಿ.

ಪೌತಿ ಖಾತೆಗೆ ಮರಣ ಪ್ರಮಾಣಪತ್ರದ ಜೊತೆ ವಂಶವೃಕ್ಷ ಬೇಕು. ಎಡವಟ್ಟು ಶುರುವಾಗುವುದೇ ಅಲ್ಲಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ವಂಶವೃಕ್ಷ ಬರೆಸುವ ಮನೆಗಳು ಈಗಲೂ ಇವೆ. ‘ಅವಳ ಮದುವೆಗೆ ಖರ್ಚು ಮಾಡಿಲ್ವಾ?’ ಎಂಬುದು ಸಿದ್ಧ ಉತ್ತರ. ಕಾನೂನಿನ ಉತ್ತರ ಬೇರೆ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವನ್ನೇ ತೆಗೆದುಹಾಕಿತು. ಆ ತಾರೀಕಿಗೆ ತಂದೆ ಬದುಕಿರಲೇಬೇಕೆಂದಿಲ್ಲ, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಮುಗಿದ ವಿಭಾಗ, ಪರಭಾರೆಗಳನ್ನು ಮಾತ್ರ ಇದಕ್ಕಾಗಿ ಕೆದಕುವಂತಿಲ್ಲ. ಅಕ್ಕತಂಗಿಯರು ಮನಸ್ಸಾರೆ ಪಾಲು ಬಿಟ್ಟುಕೊಟ್ಟರೆ ಯಾರ ಆಕ್ಷೇಪವೂ ಇಲ್ಲ. ಆದರೆ ಅದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇದೆ. ಹಬ್ಬಕ್ಕೆ ಕರೆದು, ಸೀರೆ ಉಡಿಸಿ, ಖಾಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಬಿಡುಗಡೆ ಪತ್ರವಾಗುವುದಿಲ್ಲ.

ಅಣ್ಣ ಲಿಖಿತ ತಕರಾರು ಸಲ್ಲಿಸಿದರೆ ಅದು ವಿವಾದಾಸ್ಪದ ಪ್ರಕರಣವಾಗುತ್ತದೆ. ಇಬ್ಬರನ್ನೂ ಕರೆದು ವಿಚಾರಿಸಿ ಕಂದಾಯ ಅಧಿಕಾರಿ ಆದೇಶ ಮಾಡಬೇಕು. ಒಪ್ಪಿಗೆಯಾಗದಿದ್ದರೆ ಭೂಕಂದಾಯ ಕಾಯ್ದೆಯ 136ನೇ ಕಲಂನಡಿ 60 ದಿನದೊಳಗೆ ಉಪವಿಭಾಗಾಧಿಕಾರಿಗೆ, ಅಂದರೆ ‘ಎಸಿ ಸಾಹೇಬರಿಗೆ’, ಮೇಲ್ಮನವಿ. ಅಲ್ಲಿಂದ ಮುಂದೆ ಜಿಲ್ಲಾಧಿಕಾರಿ. ಆದರೆ ಮರಣಶಾಸನ ಅಸಲಿಯೋ ನಕಲಿಯೋ, ಜಮೀನು ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬಂಥ ಪ್ರಶ್ನೆ ಬಂದರೆ ಅದನ್ನು ಬಗೆಹರಿಸಬೇಕಾದದ್ದು ಸಿವಿಲ್ ಕೋರ್ಟು. ಕಂದಾಯ ಕಚೇರಿಯಲ್ಲಿ ಹತ್ತು ವರ್ಷ ಅಲೆದ ಮೇಲೆ ಈ ಮಾತು ತಿಳಿದವರು ನಮ್ಮ ನಡುವೆ ಎಷ್ಟೋ ಜನ.

ಸಿವಿಲ್ ಕೋರ್ಟಿನ ಮಾತು ಬಂದ ಕೂಡಲೇ ಹಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಬರುವುದು ‘ಸ್ಟೇ’. ‘ಸ್ಟೇ ತಂದಿವ್ನಿ, ಬದ ಮುಟ್ಟಬ್ಯಾಡ’ ಎಂದು ಪಕ್ಕದ ಹೊಲದವನು ಗದರಿದರೆ ಅರ್ಧ ಜನ ಅಲ್ಲೇ ಗುದ್ದಲಿ ಕೆಳಗಿಡುತ್ತಾರೆ. ಹೆದರುವ ಮುಂಚೆ ಕಾಗದ ನೋಡಬೇಕು. ಕೆಳಗಿನ ಕೋರ್ಟಿನ ಅಥವಾ ಅಧಿಕಾರಿಯ ಆದೇಶ ಜಾರಿಯಾಗದಂತೆ ಮೇಲಿನವರು ಹಿಡಿದು ನಿಲ್ಲಿಸುವುದು ತಡೆಯಾಜ್ಞೆ. ಹೊಲಕ್ಕೆ ಕಾಲಿಡಬೇಡ, ಮರ ಕಡಿಯಬೇಡ ಎಂದು ಒಬ್ಬ ವ್ಯಕ್ತಿಗೆ ಹೇಳುವುದು ನಿರ್ಬಂಧಕಾಜ್ಞೆ. ಇಬ್ಬರೂ ಈಗ ಇದ್ದಂತೆಯೇ ಇರಿ ಎಂದರೆ ಯಥಾಸ್ಥಿತಿ. ಗಲಾಟೆಯಾಗುತ್ತದೆಂದು ಊರಿಗೇ ಹಾಕುವುದು ನಿಷೇಧಾಜ್ಞೆ, ಹಿಂದಿನ 144ನೇ ಸೆಕ್ಷನ್ನು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. ಜನ ಎಲ್ಲಕ್ಕೂ ‘ಸ್ಟೇ’ ಎನ್ನುತ್ತಾರೆ. ಅನ್ನಲಿ. ಆದರೆ ಯಾವ ಕೋರ್ಟು, ಕೇಸಿನ ನಂಬರೇನು, ಅದರಲ್ಲಿ ನಿಮ್ಮ ಹೆಸರಿದೆಯೇ, ಎಲ್ಲಿಯವರೆಗೆ ಎಂಬುದು ಕಾಗದದಲ್ಲೇ ಇರುತ್ತದೆ. ನಿಮ್ಮ ಮೇಲೆ ಕೇಸು ಬೀಳಬಹುದೆಂಬ ಅನುಮಾನವಿದ್ದರೆ ಮುಂಚಿತವಾಗಿಯೇ ಕೇವಿಯಟ್ ಸಲ್ಲಿಸಿಡಬಹುದು. ಆಗ 90 ದಿನದೊಳಗೆ ಎದುರಾಳಿ ಅರ್ಜಿ ಹಾಕಿದರೆ, ನಿಮಗೆ ತಿಳಿಸದೆ ಆದೇಶ ಆಗದು.

ಪೊಲೀಸ್ ಠಾಣೆಯಲ್ಲೂ ಈ ‘ಆಗಲ್ಲ’ ಇದೆ, ಅಲ್ಲಿ ಅದರ ಖಾಕಿ ರೂಪ. ಆದರೆ ‘ಆಗುತ್ತದೆ’ ಎಂಬುದಕ್ಕೂ ನಿದರ್ಶನವಿದೆ. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ದಲಿತ ಮಹಿಳೆಯೊಬ್ಬರು ನೀರು ಕುಡಿದರೆಂದು ಬೀದಿಯ ತೊಂಬೆಯ ನೀರನ್ನೆಲ್ಲ ಖಾಲಿ ಮಾಡಿ, ಗಂಜಲ ಹಾಕಿ ತೊಳೆದ ಆರೋಪ. ಆ ಮಹಿಳೆ ಯಾರೆಂದೇ ಆಗ ಗೊತ್ತಿರಲಿಲ್ಲ, ಆದರೂ ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಎಫ್‌ಐಆರ್‌ಗೆ ನೊಂದವರೇ ಬರಬೇಕೆಂದಿಲ್ಲ, ಅಪರಾಧದ ವಿಷಯ ತಿಳಿದ ಯಾರು ಬೇಕಾದರೂ ಮಾಹಿತಿ ಕೊಡಬಹುದು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿಯೇ ತೊಡೆದುಹಾಕಿದೆ, ಅದರ ಆಚರಣೆ ಶಿಕ್ಷಾರ್ಹ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ತನಿಖೆಯನ್ನು ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ.

ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಗಂಭೀರ ಅಪರಾಧವಾದರೆ ಎಫ್‌ಐಆರ್. ಸಣ್ಣಪುಟ್ಟ ಬೈಗುಳ, ಜಗಳವಾದರೆ ಎನ್‌ಸಿಆರ್. ಅದರ ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಘಟನೆ ಕೊಳ್ಳೇಗಾಲದಲ್ಲಿ ನಡೆದಿದ್ದು ನೀವು ಗುಂಡ್ಲುಪೇಟೆ ಠಾಣೆಗೆ ಹೋದರೂ ‘ನಮ್ಮ ಸರಹದ್ದಲ್ಲ’ ಎನ್ನುವಂತಿಲ್ಲ. ದಾಖಲಿಸಿಕೊಂಡು ಆಮೇಲೆ ವರ್ಗಾಯಿಸಬೇಕು, ಅದೇ ಜೀರೊ ಎಫ್‌ಐಆರ್. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್ಪಿಗೆ ಕಳಿಸಬೇಕು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಈ ದಾರಿಯನ್ನು ಸ್ಪಷ್ಟವಾಗಿ ಬರೆದಿದೆ. ಅಂಚೆಯ ರಸೀದಿ ಜೋಪಾನ.

ಬಂಧಿಸಿದರೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿ. ಜಾಮೀನು ಸಿಕ್ಕಿತು ಎಂದರೆ ಕೇಸು ಮುಗಿಯಿತು ಎಂದಲ್ಲ, ಕರೆದಾಗ ಬರುತ್ತೇನೆಂದು ಮುಚ್ಚಳಿಕೆ ಕೊಟ್ಟು ಹೊರಗಿರುವುದು ಅಷ್ಟೇ. ತೀರ್ಪು ಬರುವವರೆಗೆ ಆತ ಆರೋಪಿ. ಟಿವಿಯವರು ಏನಾದರೂ ಕರೆಯಲಿ.

ವಕೀಲರಿಗೆ ದುಡ್ಡೆಲ್ಲಿ ಎಂಬುದು ನಿಜವಾದ ಪ್ರಶ್ನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಉಚಿತ ವಕೀಲರನ್ನು ಪಡೆಯಲು ಅರ್ಹರು, ಇವರಿಗೆ ಆದಾಯದ ಮಿತಿ ಇಲ್ಲ. ಉಳಿದ ಬಡವರಿಗೆ ಆದಾಯ ಮಿತಿಯುಂಟು. ಜಿಲ್ಲಾ ಪ್ರಾಧಿಕಾರ ಚಾಮರಾಜನಗರದ ನ್ಯಾಯಾಲಯದಲ್ಲಿದೆ, ತಾಲ್ಲೂಕು ಸಮಿತಿ ಗುಂಡ್ಲುಪೇಟೆಯ ನ್ಯಾಯಾಲಯದಲ್ಲಿ. ಫೋನ್ ಆದರೆ 15100. ಇದೇ ಪ್ರಾಧಿಕಾರ ನಡೆಸುವ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಅಲ್ಲಿನ ಅವಾರ್ಡಿಗೆ ಡಿಕ್ರಿಯಷ್ಟೇ ಬಲ. ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ರಾಜಿಪತ್ರವನ್ನು ಓದಿಸಿಕೊಂಡು, ಅರ್ಥವಾದ ಮೇಲೇ ಸಹಿ.

ಕಾಗದದ ಮಹಿಮೆಯನ್ನು ಇಷ್ಟು ಹೇಳಿದ ಮೇಲೆ ಬಿಳಿಗಿರಿರಂಗನಬೆಟ್ಟಕ್ಕೆ ಹೋಗಲೇಬೇಕು. ಕಾಗದವೇ ಇಲ್ಲದ ಜನಕ್ಕೆ ಕಾನೂನು ಹೇಗೆ ಬಾಗಿಲು ತೆರೆಯಿತು ಎಂಬುದು ಅಲ್ಲಿನ ಕಥೆ. ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ಒಳಕಾಡಿನ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಇದ್ದ ಸೋಲಿಗರನ್ನು ಎಬ್ಬಿಸಿ ರಸ್ತೆಯಂಚಿಗೆ ತಂದು ಕೂರಿಸಿದರು. ಜೇನು, ನೆಲ್ಲಿಕಾಯಿ, ಪಾಚಿ ಕೊಯ್ಯುವುದಕ್ಕೂ ಮುಂದೆ ಅಡ್ಡಿ ಬಂತು. ಅಜ್ಜಂದಿರ ಕಾಲದಿಂದ ಇದ್ದೇವೆ ಎನ್ನಲು ಅವರ ಬಳಿ ಇದ್ದದ್ದು ಕಲ್ಲುಗುಡಿ, ಮಾರಮ್ಮನ ತಾಣ, ಅಬ್ಬಿ, ಕುಲದವರ ನೆನಪು. ಪಹಣಿಯಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಈ ನೆನಪನ್ನೇ ಸಾಕ್ಷ್ಯವಾಗಿ ಒಪ್ಪಿಕೊಂಡಿತು. ಅರ್ಜಿದಾರರಲ್ಲದ ಹಿರಿಯರು ಕೊಟ್ಟು ಬರವಣಿಗೆಗಿಳಿಸಿದ ಹೇಳಿಕೆ, ಹಳೇ ಗುಡಿ, ಸಮಾಧಿ, ಬಾವಿಯ ಗುರುತು, ಇವೆಲ್ಲ ಅದರ ನಿಯಮಗಳಲ್ಲಿ ಪುರಾವೆಯೇ. ಇಂಥವು ಎರಡಿದ್ದರೆ ಸಾಕು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ಸಾಗುವಳಿ ಮಾಡುತ್ತಿದ್ದ ಕುಟುಂಬಕ್ಕೆ 4 ಹೆಕ್ಟೇರ್‌ವರೆಗೆ ಹಕ್ಕು, ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ. ಮಕ್ಕಳಿಗೆ ಬರುತ್ತದೆ, ಮಾರುವಂತಿಲ್ಲ. ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕಾದ್ದು ಪಂಗಡದ ಪಟ್ಟಿಯಲ್ಲಿಲ್ಲದವರಿಗೆ ಮಾತ್ರ. ಪರಿಶಿಷ್ಟ ಪಂಗಡದ ಸೋಲಿಗರಿಗೆ ಆ ಷರತ್ತಿಲ್ಲ. ಕಾಡಂಚಿನಲ್ಲಿ ಈ ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಂಡವರಿದ್ದಾರೆ, ಗೊಂದಲ ಮಾಡಿಸಿದವರೂ ಇದ್ದಾರೆ.

2011ರ ಜನವರಿಯಲ್ಲಿ ಬಿಳಿಗಿರಿರಂಗನಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ವೈಯಕ್ತಿಕ ಹಕ್ಕು ಒಂದು ಮನೆಯ ಹೊಲದ್ದು. ಸಮುದಾಯದ ಹಕ್ಕು ಇಡೀ ಪೋಡಿನದ್ದು. ಕಿರು ಅರಣ್ಯ ಉತ್ಪನ್ನ ಸಂಗ್ರಹ, ದನ ಮೇಯಿಸುವುದು ಇದರಲ್ಲಿ ಸೇರುತ್ತವೆ, ಕಾಡನ್ನು ಕಾಯುವ ಅಧಿಕಾರವೂ ಈ ಕಾಯ್ದೆಯಲ್ಲಿದೆ. ಇಲ್ಲಿ ಗ್ರಾಮಸಭೆ ಎಂದರೆ ಪಂಚಾಯಿತಿ ಕಚೇರಿಯ ಮುಂದೆ ಶಾಮಿಯಾನ ಹಾಕಿ ನಡೆಸುವ ಸಭೆಯಲ್ಲ. ಒಂದು ಪೋಡಿನ ವಯಸ್ಕರೆಲ್ಲ ಸೇರಿದರೆ ಅದೇ ಗ್ರಾಮಸಭೆ. ಹಕ್ಕಿನ ಅರ್ಜಿಯನ್ನು ಮೊದಲು ನೋಡುವುದು ಅದೇ, ಆಮೇಲೆ ಉಪವಿಭಾಗ ಮಟ್ಟದ ಸಮಿತಿ, ಕೊನೆಗೆ ಜಿಲ್ಲಾ ಸಮಿತಿ. ಅರ್ಜಿ ತಿರಸ್ಕಾರವಾದರೆ ಅರ್ಜಿದಾರನಿಗೆ ಖುದ್ದು ತಿಳಿಸಬೇಕು, 60 ದಿನದ ಮೇಲ್ಮನವಿಗೆ ಅವಕಾಶ ಕೊಡಬೇಕು. ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ. ಕಾಗದವಿಲ್ಲದವರಿಗೆ ಬಾಗಿಲು ತೆರೆದ ಕಾನೂನು ಕೂಡ, ‘ಇಲ್ಲ’ ಎನ್ನುವ ಅಧಿಕಾರಿಯಿಂದ ಕಾಗದ ಕೇಳುತ್ತದೆ.

ಅಧಿಕಾರಿಗಳ ಮಾತಾಯಿತು, ಇನ್ನು ಅವರನ್ನು ಆಳುವವರ ಅಧಿಕಾರದ ಮಾತು. ಅಧಿಕಾರ ಹೋಗುತ್ತದೆ ಎಂಬ ಮೂಢನಂಬಿಕೆಯಿಂದ ಮುಖ್ಯಮಂತ್ರಿಗಳು ಕಾಲಿಡಲು ಹಿಂಜರಿಯುತ್ತಿದ್ದ ಊರು ಚಾಮರಾಜನಗರ. ಅಧಿಕಾರ ನಿಜಕ್ಕೂ ಹೇಗೆ ಹೋಗುತ್ತದೆ, ಹೇಗೆ ಬರುತ್ತದೆ ಎಂದು ನೋಡಬೇಕಿದ್ದರೆ ಅವರು ಪಕ್ಕದ ಸಂತೇಮರಹಳ್ಳಿಗೆ ಬರಬಹುದಿತ್ತು. 2004ರ ವಿಧಾನಸಭಾ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಪಡೆದದ್ದು 40,752 ಮತ, ಎ.ಆರ್. ಕೃಷ್ಣಮೂರ್ತಿ ಪಡೆದದ್ದು 40,751. ಸೋತವರ ಕಾರು ಚಾಲಕನೇ ಕೆಲಸದ ಗಡಿಬಿಡಿಯಲ್ಲಿ ಮತ ಹಾಕಿರಲಿಲ್ಲ ಎಂಬ ಕಥೆಯನ್ನು ಈಗಲೂ ಹೇಳುತ್ತಾರೆ. ಮತದಾನದ ದಿನ ಕೂಲಿ ಕಡಿಯದೆ ರಜೆ ಕೊಡಬೇಕು ಎನ್ನುತ್ತದೆ ಜನತಾ ಪ್ರಾತಿನಿಧ್ಯ ಕಾಯ್ದೆಯ 135ಬಿ. ದಿನಗೂಲಿಯವರಿಗೂ ಅದು ಅನ್ವಯ. ನಿಮ್ಮ ಮತವನ್ನು ಬೇರೆ ಯಾರೋ ಹಾಕಿ ಹೋಗಿದ್ದರೆ ಸುಮ್ಮನೆ ಹಿಂದಿರುಗಬೇಡಿ, ಟೆಂಡರ್ ಮತಪತ್ರ ಕೇಳಿ. ಅದನ್ನು ಎಣಿಕೆಯ ದಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ಲಕೋಟೆಯಲ್ಲಿ ಮುಚ್ಚಿಡುತ್ತಾರೆ. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಬಂದು, ಅಂತರ ಒಂದೋ ಎರಡೋ ಆಗಿದ್ದರೆ ಆ ಲಕೋಟೆಗೆ ಬೆಲೆ ಬಂದೀತು. ನೋಟಾಕ್ಕೆ ಆ ಬೆಲೆಯೂ ಇಲ್ಲ. ಅದಕ್ಕೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಪಡೆದವರೇ ಗೆದ್ದಂತೆ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು.

ಒಂದು ಮತದ ಬೆಲೆ ಸದನದೊಳಗೂ ಉಂಟು. ಗುಂಡ್ಲುಪೇಟೆಯಿಂದ ಏಳು ಬಾರಿ ಗೆದ್ದ ಕೆ.ಎಸ್. ನಾಗರತ್ನಮ್ಮ 1972ರಿಂದ 1978ರವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದರು, ಈ ರಾಜ್ಯದಲ್ಲಿ ಆ ಪೀಠ ಏರಿದ ಮೊದಲ ಮಹಿಳೆ. ಸ್ಪೀಕರ್ ಮಾಮೂಲಿಯಾಗಿ ಮತ ಹಾಕುವುದಿಲ್ಲ, ಎರಡೂ ಕಡೆ ಸಮಸಮವಾದಾಗ ನಿರ್ಣಾಯಕ ಮತ ಅವರದು. ಇಂದು ಸ್ಪೀಕರ್ ಎಂದರೆ ಶಾಸಕರ ಅನರ್ಹತೆಯೇ ನೆನಪಾಗುತ್ತದೆಯಲ್ಲ, ನಾಗರತ್ನಮ್ಮನವರ ಕಾಲದಲ್ಲಿ ಆ ತಲೆನೋವಿರಲಿಲ್ಲ. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಬಂದದ್ದು 1985ರಲ್ಲಿ.

ಅದೇ ಗುಂಡ್ಲುಪೇಟೆಯವರು ಅಬ್ದುಲ್ ನಜೀರ್ ಸಾಬ್. ಕೊಳವೆಬಾವಿಗಳನ್ನು ಹಳ್ಳಿ ಹಳ್ಳಿಗೆ ತಲುಪಿಸಿ ‘ನೀರ್ ಸಾಬ್’ ಎನಿಸಿಕೊಂಡವರು. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿ ಅವರು ತಂದ 1983ರ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 1985ರಲ್ಲಿ, ಅದರಡಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದವರು ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಮಹಿಳೆಯರಿಗೆ ಶೇ 25 ಸ್ಥಾನ. ಸಂವಿಧಾನದ 73ನೇ ತಿದ್ದುಪಡಿ ಇಡೀ ದೇಶಕ್ಕೆ ಮಹಿಳಾ ಮೀಸಲು ತಂದದ್ದು 1993ರಲ್ಲಿ. ಅದನ್ನು ನೋಡಲು ಸಾಬರು ಇರಲಿಲ್ಲ, 1988ರಲ್ಲೇ ತೀರಿಕೊಂಡಿದ್ದರು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರದೇ ಹೆಸರು.

ಗ್ರಾಮಸಭೆ, ವಾರ್ಡ್‌ ಸಭೆ, ಸಾಮಾನ್ಯ ಸಭೆ, ಪಂಚಾಯಿತಿಯ ಈ ಮೂರನ್ನೂ ಒಂದೇ ಎಂದುಕೊಂಡವರು ಬಹಳ. ಗೆದ್ದ ಸದಸ್ಯರು ಕೂರುವುದು ಸಾಮಾನ್ಯ ಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಕೂರಬಹುದಾದದ್ದು ಗ್ರಾಮಸಭೆ, ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮನೆ ಯಾರಿಗೆ, ಉದ್ಯೋಗ ಖಾತ್ರಿಯ ಕೆರೆ ಕೆಲಸ ಎಲ್ಲಿ ಎಂಬ ಮಾತು ಮೊದಲು ಏಳಬೇಕಾದದ್ದು ವಾರ್ಡ್‌ ಸಭೆಯಲ್ಲಿ. ಸಭೆಗೆ ನಿಗದಿಯಷ್ಟು ಜನ ಸೇರದಿದ್ದರೆ ಕೋರಂ ಇಲ್ಲ, ಅಂಥ ಸಭೆಯ ತೀರ್ಮಾನಕ್ಕೆ ಬೆಲೆ ಇಲ್ಲ. ತೀರ್ಮಾನವಾದದ್ದನ್ನು ಬರೆಯುವುದು ನಡಾವಳಿ ಪುಸ್ತಕದಲ್ಲಿ. ನಡಾವಳಿಯ ಪ್ರತಿ ಸುಮ್ಮನೆ ಕೇಳಿದಾಗ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನ.

ಗ್ರಾಮಸಭೆಗೆ ಹೋದಾಗ ಒಂದು ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಹಾಜರಾತಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದು ನಿಮ್ಮ ಕೈಗೆ ಬಂದಾಗ ಹಾಳೆಯ ಮೇಲ್ಭಾಗವನ್ನು ನೋಡಿ. ಅಂದಿನ ತಾರೀಕು, ಸಭೆ ನಡೆದ ಜಾಗ, ಚರ್ಚೆಯ ವಿಷಯಗಳನ್ನು ಬರೆದಿದ್ದರೆ ಸಹಿ ಮಾಡಿ. ಖಾಲಿ ಬಿಟ್ಟಿದ್ದರೆ, ಮೊದಲು ಅದನ್ನು ತುಂಬಿಸಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ.